ಗೊಬ್ಬರದ ಚೀಲದ ಮೇಲೆ ಪೊಟ್ಯಾಶ್‌ಗೆ ‘ಕೆ’ ಅಂತ ಯಾಕೆ ಬರೆಯುತ್ತಾರೆ?

ಸಿಂಧನೂರು ಕಡೆ ಭತ್ತಕ್ಕೆ ಹಾಕುವ 10-26-26 ಚೀಲವನ್ನೇ ತಗೊಳ್ಳಿ. ಆ ಮೂರು ಅಂಕಿ ಕ್ರಮವಾಗಿ ಎನ್, ಪಿ, ಕೆಯ ಶೇಕಡಾ ಲೆಕ್ಕ. ಎನ್ ಅಂದ್ರೆ ಸಾರಜನಕ, ಪಿ ರಂಜಕ, ಕೆ ಪೊಟ್ಯಾಶಿಯಂ. ಪಿ ಖಾಲಿ ಇರಲಿಲ್ಲ ಅಂತ ಸುಮ್ನೆ ಕೆ ಕೊಟ್ಟಿದ್ದಲ್ಲ. ಪೊಟ್ಯಾಶಿಯಂಗೆ ಲ್ಯಾಟಿನ್ ಹೆಸರು ಕ್ಯಾಲಿಯಂ, ಅದರ ಮೊದಲ ಅಕ್ಷರ ಕೆ. ಆ ಹೆಸರಿನ ಬೇರು ಅರಬ್ಬಿಯಲ್ಲಿದೆ, ಗಿಡ ಸುಟ್ಟ ಬೂದಿ ಅಂತ ಅರ್ಥ. ನಾವು ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುತ್ತೇವಲ್ವಾ, ಅದರಲ್ಲಿರುವುದೂ ಇದೇ.

ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ಕೊನೆಯ 26 ಪೊಟ್ಯಾಶಿಯಂ ಆಕ್ಸೈಡ್ ಲೆಕ್ಕ, ಅಂದ್ರೆ ಆಮ್ಲಜನಕದ ತೂಕವೂ ಸೇರಿದ್ದು. 50 ಕೆಜಿ ಚೀಲದಲ್ಲಿ ಬರೀ ಪೊಟ್ಯಾಶಿಯಂ ಸುಮಾರು 10.8 ಕೆಜಿ ಮಾತ್ರ.

ಬೇರೆ ಕಡೆ ಕೆ ಬೇರೆ. ಸಂಬಳ 20ಕೆ ಅಂದ್ರೆ 20 ಸಾವಿರ, ಕಿಲೋದಿಂದ ಬಂದದ್ದು. ತಾಪಮಾನದಲ್ಲಿ ಕೆಲ್ವಿನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ನೂ ಕೆ.