4294967297 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 4294967297 = 641 × 6700417. ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ್ದು.

ಅನುಮಾನ ಬರೋದು ಸಹಜ. ಇದು 2³² + 1. ಘಾತವನ್ನು 1, 2, 4, 8, 16 ಎಂದು ಇಟ್ಟರೆ ಸಿಗುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನದೂ ಹಾಗೇ ಇರುತ್ತದೆ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 ಅನ್ನು ಹುಡುಕಿ ತೆಗೆದರು.

ದೊಡ್ಡ ಭಾಗಾಕಾರ ಮಾಡದೆಯೇ ಇದನ್ನು ನೋಡಬಹುದು. ನನಗೆ ಇದು ತುಂಬಾ ಇಷ್ಟದ ಲೆಕ್ಕ. 641 ಅನ್ನು ಎರಡು ಥರ ಬರೆಯಿರಿ: 5 × 2⁷ + 1, ಮತ್ತು 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1, ಅಂದರೆ ಪೂರ್ತಿ ಭಾಗವಾಗಲು ಒಂದು ಕಮ್ಮಿ. 5 × 2⁷ ಅನ್ನೇ ನಾಲ್ಕು ಸಲ ಬರೆದು ಗುಣಿಸಿದರೆ ಶೇಷ −1 ಹೋಗಿ 1 ಆಗುತ್ತದೆ. ಹಾಗಾಗಿ 5⁴ × 2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ ಇರುವ ಕಡೆ −2⁴ ಹಾಕಬಹುದು, ಶೇಷ ಬದಲಾಗಲ್ಲ. ಆಗ −2³²ರ ಶೇಷ 1, ಅಂದರೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಸೊನ್ನೆ!