ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಫೀಸು ಯಾಕೆ ಏರುತ್ತಲೇ ಇರುತ್ತದೆ?

ನಿಮ್ಮ ಮಗಳ ಎಂ.ಎಸ್ಸಿ. ಫೀಸು ಹೋದ ವರ್ಷಕ್ಕಿಂತ ಜಾಸ್ತಿ ಬಂದಿದೆ. "ಸರ್ಕಾರಿ ವಿವಿ ಅಲ್ವಾ, ಇದನ್ನು ಯಾರು ಕೂತು ತೀರ್ಮಾನ ಮಾಡುತ್ತಾರೆ, ಯಾವ ಲೆಕ್ಕದ ಮೇಲೆ?" ಎಂದು ಕೇಳಿದ್ದೀರಿ. ನಮ್ಮ ರಾಜ್ಯದ ಒಂದು ವಿವಿಯ ಹಣಕಾಸು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಫೈಲು ಹೊತ್ತು ನಿವೃತ್ತನಾದವನು ನಾನು. ಯಾವ ವಿವಿ ಎಂದು ಹೇಳುವುದಿಲ್ಲ. ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು!

ಯಾರು ಎನ್ನುವುದು ಸುಲಭ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಇದೆ. ಅದರಂತೆ ಹಣಕಾಸು ಅಧಿಕಾರಿ ಬಜೆಟ್ ತಯಾರಿಸುತ್ತಾರೆ, ಹಣಕಾಸು ಸಮಿತಿ ನೋಡುತ್ತದೆ, ಸಿಂಡಿಕೇಟ್, ಅಂದರೆ ವಿವಿಯ ಆಡಳಿತ ಮಂಡಳಿ, ಒಪ್ಪಿಗೆ ಕೊಡುತ್ತದೆ. ಫೀಸಿನ ಪಟ್ಟಿಯೂ ಸಿಂಡಿಕೇಟ್ ಮುಂದೆ ಹೋಗುತ್ತದೆ.

ಯಾವ ಲೆಕ್ಕದ ಮೇಲೆ ಎನ್ನುವುದೇ ತಮಾಷೆ. ಡಿಸೆಂಬರ್ ಹೊತ್ತಿಗೆ ನಾವು ಎಲ್ಲ ವಿಭಾಗಗಳಿಗೂ ಸುತ್ತೋಲೆ ಕಳಿಸುತ್ತಿದ್ದೆವು, ಮುಂದಿನ ವರ್ಷಕ್ಕೆ ಏನೇನು ಬೇಕು ಬರೆಯಿರಿ ಎಂದು. ಕೇಳಿದ್ದರಲ್ಲಿ ಅರ್ಧ ಕತ್ತರಿಸುತ್ತಾರೆ ಎಂದು ಅವರಿಗೆ ಗೊತ್ತು, ಹಾಗಾಗಿ ದುಪ್ಪಟ್ಟು ಬರೆಯುತ್ತಿದ್ದರು. ದುಪ್ಪಟ್ಟು ಬರೆದಿದ್ದಾರೆ ಎಂದು ನಮಗೂ ಗೊತ್ತು, ಹಾಗಾಗಿ ಅರ್ಧ ಕತ್ತರಿಸುತ್ತಿದ್ದೆವು. ಒಮ್ಮೆ ಹೊಸದಾಗಿ ಬಂದಿದ್ದ ಮೇಡಂ ಒಬ್ಬರು ಲ್ಯಾಬಿನ ರಾಸಾಯನಿಕಗಳಿಗೆ ನಿಜವಾಗಿ ಬೇಕಿದ್ದ 80 ಸಾವಿರವನ್ನೇ ಬರೆದು ಕಳಿಸಿದರು. ಅವರದ್ದೂ 40 ಆಯಿತು. ಕತ್ತರಿಸಿದವನು ನಾನೇ. ಮುಂದಿನ ವರ್ಷ ಅವರ ಪಟ್ಟಿಯಲ್ಲಿ ಒಂದು ಲಕ್ಷದ ಅರವತ್ತು ಸಾವಿರ ಇತ್ತು.

ಆದಾಯದ ಕಡೆ ಇನ್ನೂ ಸುಲಭ ದಾರಿ. ಬಜೆಟ್ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಅಡ್ಮಿಷನ್ ಮುಗಿಯುವುದು ಅದಾಗಿ ಎಷ್ಟೋ ತಿಂಗಳಿಗೆ. ಎಷ್ಟು ಮಕ್ಕಳು ಸೇರುತ್ತಾರೆ ಎಂದು ಯಾರಿಗೆ ಗೊತ್ತು? ಹೋದ ವರ್ಷದ ಅಂಕಿಗೆ ನೂರಕ್ಕೆ ಹತ್ತು ಸೇರಿಸಿ ಬರೆಯುತ್ತಿದ್ದೆವು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಶುಲ್ಕ ಇಲಾಖೆಯಿಂದ ಬರಬೇಕು. ಅದು ಆಗಲೇ ಬಂದುಬಿಟ್ಟಿದೆ ಎಂಬಂತೆ ಬರೆದುಕೊಳ್ಳುತ್ತಿದ್ದೆವು, ದುಡ್ಡು ಮಾತ್ರ ಯಾವಾಗಲೋ ಬರುತ್ತಿತ್ತು.

ಈಗ ನಿಜವಾದ ತೂತು ಎಲ್ಲಿ ಎಂದು ಹೇಳುತ್ತೇನೆ. ಮೊದಲನೆಯದು ಪಿಂಚಣಿ. 2006ರ ಏಪ್ರಿಲ್ 1ಕ್ಕೆ ಮುಂಚೆ ಕೆಲಸಕ್ಕೆ ಸೇರಿದವರಿಗೆಲ್ಲ ಹಳೆಯ ಪಿಂಚಣಿ, ಅಂದರೆ ನಿವೃತ್ತಿಯಾದ ಮೇಲೆ ಬದುಕಿರುವವರೆಗೂ ತಿಂಗಳು ತಿಂಗಳು ನಿಗದಿತ ಹಣ. ಹಳೆಯ ವಿವಿಗಳಲ್ಲಿ ಅಂಥವರು ತುಂಬಾ ಇದ್ದಾರೆ, ನಾನೂ ಒಬ್ಬ. ಸರ್ಕಾರದ ಅನುದಾನ ಸಾಲದೆ ಬಂದರೆ ಉಳಿದದ್ದನ್ನು ವಿವಿ ತನ್ನ ಸ್ವಂತ ಆದಾಯದಿಂದ ತುಂಬಬೇಕು. ಎರಡನೆಯದು ಅತಿಥಿ ಉಪನ್ಯಾಸಕರ ಸಂಬಳ. ಕಾಯಂ ಹುದ್ದೆ ಖಾಲಿ ಬಿದ್ದಷ್ಟೂ ಇದು ಏರುತ್ತದೆ, ಪಾಠವಂತೂ ನಡೆಯಬೇಕಲ್ಲ.

ಆ ಸ್ವಂತ ಆದಾಯ ಎಲ್ಲಿಂದ? ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ಕ್ಯಾಂಪಸ್ಸಿನೊಳಗೆ ಓದುವ ಮಕ್ಕಳ ಫೀಸು ಅದರಲ್ಲಿ ಸಣ್ಣ ಪಾಲು. ದೊಡ್ಡದು ಸಂಯೋಜಿತ ಕಾಲೇಜುಗಳಿಂದ, ಅಂದರೆ ವಿವಿಯ ಅಡಿಯಲ್ಲಿರುವ ಹೊರಗಿನ ಕಾಲೇಜುಗಳಿಂದ, ಬರುವ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ. ಕಾಲೇಜುಗಳು ಕೈಬಿಟ್ಟರೆ ಕಣಜವೇ ಖಾಲಿ. 2017ರಲ್ಲಿ ಬೆಂಗಳೂರು ವಿವಿ ಮೂರಾಯಿತು. 2022-23ರಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆ ಎಂದು ಏಳು ಹೊಸ ವಿವಿಗಳು ಬಂದವು. ಆಯಾ ಜಿಲ್ಲೆಯ ಕಾಲೇಜುಗಳು ಮೈಸೂರು, ಮಂಗಳೂರು, ಧಾರವಾಡದಂಥ ಹಳೆಯ ವಿವಿಗಳಿಂದ ಕಳಚಿಕೊಂಡವು. ಕಾಲೇಜು ಹೋಯಿತು, ಪಿಂಚಣಿದಾರರು ಮಾತ್ರ ಹಳೆಯ ಮನೆಯಲ್ಲೇ ಉಳಿದರು. ಹೊಸ ವಿವಿ ಬೇಡ ಎಂದು ನಾನು ಹೇಳುತ್ತಿಲ್ಲ. ಆಸ್ತಿ ಪಾಲಾಗುವಾಗ ಸಾಲವೂ ಪಾಲಾಗಬೇಕಿತ್ತು, ಅಷ್ಟೇ.

ಅನುದಾನ ಸರ್ಕಾರದ ಕೈಯಲ್ಲಿ. ಕಾಲೇಜು ಯಾರಿಗೆ ಎನ್ನುವುದೂ ಸರ್ಕಾರದ ಕೈಯಲ್ಲಿ. ಕೊರತೆ ಬಜೆಟ್ ಮುಂದಿಟ್ಟುಕೊಂಡು ಕೂತ ವಿವಿ ತಾನೇ ತಿರುಗಿಸಬಹುದಾದ ನಲ್ಲಿ ಫೀಸು ಒಂದೇ. ಹಾಗಾಗಿ ನಿಮ್ಮ ಮಗಳ ಪಾಠಕ್ಕೆ ಇಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ ಯಾರೂ ಫೀಸು ನಿಗದಿ ಮಾಡುವುದಿಲ್ಲ. ನಾನಿದ್ದಷ್ಟು ವರ್ಷ ಅಂಥ ಒಂದು ಹಾಳೆಯನ್ನೂ ನೋಡಲಿಲ್ಲ. "ಪಕ್ಕದ ವಿವಿಯಲ್ಲಿ ಎಷ್ಟಿದೆ?" ಎಂದು ಫೋನ್ ಮಾಡಿ ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಇದರಿಂದ ಕೊರತೆ ತುಂಬುತ್ತದಾ? ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 2000 ಮಕ್ಕಳಿಂದ ತಲಾ 1000 ರೂಪಾಯಿ ಜಾಸ್ತಿ ತೆಗೆದುಕೊಂಡರೆ 20 ಲಕ್ಷ. ಸಾವಿರ ಪಿಂಚಣಿದಾರರಿಗೆ ತಿಂಗಳಿಗೆ ತಲಾ 40 ಸಾವಿರ ಎಂದರೆ 4 ಕೋಟಿ. ಮಕ್ಕಳು ವರ್ಷಕ್ಕೊಮ್ಮೆ ಕೊಟ್ಟ ಹೆಚ್ಚುವರಿ ಹಣ ಒಂದೂವರೆ ದಿನದ ಪಿಂಚಣಿಗೆ ಸರಿಹೋಯಿತು. ಅಂಕಿ ನಾನು ಉದಾಹರಣೆಗೆ ಹಿಡಿದದ್ದು, ಆದರೆ ಪ್ರಮಾಣ ಹೆಚ್ಚೂಕಮ್ಮಿ ಹೀಗೇ ಇರುತ್ತಿತ್ತು.

ನೀವು ಮಾಡಬಹುದಾದ್ದು ಇಷ್ಟು. ಎರಡೂ ವರ್ಷದ ಚಲನ್ ಪಕ್ಕಪಕ್ಕ ಇಟ್ಟುಕೊಳ್ಳಿ. 'ಬೋಧನಾ ಶುಲ್ಕ' ಅಷ್ಟಾಗಿ ಏರಿರುವುದಿಲ್ಲ. ಅದನ್ನು ಮುಟ್ಟಿದರೆ ಗಲಾಟೆಯಾಗುತ್ತದೆ. ಪ್ರಯೋಗಾಲಯ, ಗ್ರಂಥಾಲಯ, ಕ್ರೀಡೆ, ಅಭಿವೃದ್ಧಿ, ಇತರೆ ಎಂಬ ಸಣ್ಣ ಸಾಲುಗಳನ್ನು ನೋಡಿ, ಅಲ್ಲಿ ಸಿಗುತ್ತದೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ. ಫೀಸು ಪರಿಷ್ಕರಣೆಗೆ ಒಪ್ಪಿದ ಸಿಂಡಿಕೇಟ್ ನಡವಳಿ, ಅದರ ಜೊತೆ ಇಟ್ಟಿದ್ದ ಟಿಪ್ಪಣಿ, ಎರಡರ ಪ್ರತಿ ಕೇಳಿ. ಬಜೆಟ್ ಪುಸ್ತಕಕ್ಕೆ ಬೇರೆ ಅರ್ಜಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡನ್ನೂ ಸೇರಿಸಿ ಬರೆದರೆ ಆ ಒಂದೇ ಕಾರಣಕ್ಕೆ ವಾಪಸ್ ಕಳಿಸುತ್ತಾರೆ. ನಾವೂ ಕಳಿಸುತ್ತಿದ್ದೆವು.