ಅಗ್ಗದ ಒಲೆ ಬದಲಿಸುವ ಮೊದಲು ಸೌದೆ ನೋಡಿ
ಕೋಣೆ ಬೆಚ್ಚಗಿಡುವ ನಿಮ್ಮ ಸೌದೆ ಒಲೆಯ ಬಾಗಿಲಿನ ಗಾಜು ದಿನವೂ ಕಪ್ಪಾಗುತ್ತದೆ, ಕೋಣೆಯೂ ಬೆಚ್ಚಗಾಗುವುದಿಲ್ಲ, ಇದನ್ನು ಬದಲಿಸಿ ದುಬಾರಿ ಒಲೆ ಕೊಳ್ಳಲೇ ಎಂದು ಕೇಳಿದ್ದೀರಿ. ಈ ಎರಡಕ್ಕೂ ಬಹುಮಟ್ಟಿಗೆ ಹಸಿ ಸೌದೆಯೇ ಕಾರಣ, ನಿಮ್ಮ ಅಗ್ಗದ ಒಲೆಯಲ್ಲ. ನನ್ನ ಒಲೆಗೂ ಇದೇ ರೋಗವಿತ್ತು. ಕಾವೆಲ್ಲ ಸೌದೆಯ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತಿದ್ದರೆ, ನೀವು ಕೊಳ್ಳಬೇಕೆಂದಿರುವ ದುಬಾರಿ ಒಲೆಯೂ ಹೀಗೆಯೇ ಮಸಿ ಕಾರುತ್ತದೆ.

ಮೊದಲು ಒಂದು ಕೊರಡನ್ನು ಸೀಳಿ, ಒಳಮೈಯ ತೇವವನ್ನು ಮೀಟರಿನಿಂದ ಅಳೆಯಿರಿ. ಹೊರಮೈ ಸುಳ್ಳು ಹೇಳುತ್ತದೆ. ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಆಮೇಲೆ, ಒಲೆ ತಣ್ಣಗಿರುವಾಗ ಬಾಗಿಲಿನ ಅಂಚಿಗೆ ಕಾಗದ ಸಿಕ್ಕಿಸಿ, ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ, ಬಾಗಿಲು ಬಿಗಿಯಾಗಿ ಕೂರಲು ಅಂಚಿಗೆ ಹಾಕಿರುವ ಹುರಿ ಸವೆದಿದೆ, ಬದಲಿಸಿ. ಹೊಗೆ ಕೊಳವೆ ಗುಡಿಸಿ ವರ್ಷವಾಗಿದ್ದರೆ ಅದನ್ನೂ ಮಾಡಿಸಿ. ರಾತ್ರಿ ಒಲೆಯ ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ ಮಲಗುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಇಷ್ಟಾದ ಮೇಲೂ ಬೆಚ್ಚಗಾಗದಿದ್ದರೆ ಒಲೆ ಚಿಕ್ಕದಿರಬಹುದು, ಕೊಳವೆಯ ಎತ್ತರ ಸಾಲದಿರಬಹುದು, ನೋಡದೆ ಹೇಳಲಾರೆ. ಹೊಸದನ್ನು ಕೊಳ್ಳುವುದೇ ಆದರೆ ಬಿಗಿಯಾದ ಬಾಗಿಲಿಗೆ, ದಪ್ಪ ಲೋಹಕ್ಕೆ, ಬಿಡಿಭಾಗಗಳು ಸಿಗುವ ಭರವಸೆಗೆ ಹಣ ಕೊಡಿ, ಹೊರಗಿನ ಥಳುಕಿಗಲ್ಲ. ಕೋಣೆಗೆ ಮೀರಿದ ದೊಡ್ಡ ಒಲೆಯನ್ನು ತಂದರೆ ಸದಾ ಕುಗ್ಗಿಸಿ ಉರಿಸಬೇಕಾಗಿ, ಮತ್ತೆ ಅದೇ ಮಸಿ. ಯಾವ ಒಲೆಯಾದರೂ ಕೋಣೆಯಲ್ಲೊಂದು ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಇರಲಿ.